ಹೆಣ ಇಳಿಸುವ ಕಲ್ಲು

ಶವಪೆಟ್ಟಿಗೆ ಹೊತ್ತ ಆರು ಮಂದಿ ಚಾಪೆಲ್ಲಿನ ಏರನ್ನು ಅರ್ಧ ಹತ್ತಿ ಏದುಸಿರು ಬಿಡುತ್ತಿದ್ದರು. ಹಿಂದಿನಿಂದ ಸೋದರತ್ತೆ ಮಾರ್ಗೆಡ್ ಲೊವ್ರಿಯ ತೋಳು ಹಿಡಿದೆಳೆದಳು.

"ಪೆಟ್ಟಿಗೇನ ದಾರಿ ಬದಿಯ ಆ ಕಲ್ಲಿನ ಮೇಲೆ ಮಾತ್ರ ಇಡಿಸಬೇಡ ಕಣೇ."

"ಯಾಕತ್ತೆ? ಊರಿನ ಹೆಣಗಳೆಲ್ಲ ಹಿಂದಿನಿಂದ ಅಲ್ಲೇ ಅಲ್ವಾ ಇಳೀತಿದ್ದಿದ್ದು? ಅದಕ್ಕೇ ತಾನೆ ಅಪ್ಪ ತನ್ನ ಹೆಣಕ್ಕೆ ಕಾರು ಬೇಡ, ಹೊತ್ಕೊಂಡೇ ಹೋಗಿ ಅಂತ ಯಾವಾಗ್ಲೂ ಅಂತಿದ್ದಿದ್ದು?"

"ಒಂದು ಹೆಣಾನೂ ಇಳಿದಿಲ್ಲ. ಊರೆಲ್ಲ ಕುರಿ ಸಂತೆಗೆ ಹೋಗಿದ್ದ ದಿನ ನಿಮ್ಮಪ್ಪ ತಂದು ಹಾಕಿದ ಕಲ್ಲು ಅದು. ಹಾರೆ ಹಿಡಿದಿದ್ದು ನಾನೇ."

ಲೊವ್ರಿ ಅಲ್ಲೇ ನಿಂತುಬಿಟ್ಟಳು. ಮೊನ್ನೆ ಮಂಗಳವಾರವಷ್ಟೇ ಅಪ್ಪ ಐಡ್ವಲ್ ಯಾರಿಗೋ ಊರು ಸುತ್ತಿಸಿ, ಇದೇ ಕಲ್ಲು ತೋರಿಸಿ ಬಂದು, ಚಹಾ ಕೇಳಿ, ಅದು ಬರುವಷ್ಟರಲ್ಲಿ ಪ್ರಾಣ ಬಿಟ್ಟಿದ್ದ. ಆ ಆಘಾತವೇ ಇನ್ನೂ ಇಳಿದಿರಲಿಲ್ಲ.

*

"ಇದು ಹೆಣದ ದಾರಿ," ಎನ್ನುತ್ತಿದ್ದ ಐಡ್ವಲ್, ಕೋಲಿನಿಂದ ಕಲ್ಲು ತಟ್ಟಿ. "ಹೊತ್ತವರು ಹೆಣ ಇಳಿಸಿ ದಣಿವಾರಿಸಿಕೊಳ್ತಿದ್ದ ಕಲ್ಲು. ಇಲ್ಲಿಗೆ ಬಂದವರು ಸತ್ತವರ ಮರ್ಯಾದೆಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಂಗಸರು ಕೂರಬೇಕು."

"ಪೆಟ್ಟಿಗೆ ಉಜ್ಜಿದ ಗುರುತೇ ಇಲ್ವಲ್ಲ?" ಎಂದು ಯಾರಾದರೂ ಕೇಳಿದರೆ, "ಪಾಚಿ ಮುಚ್ಚಿದೆ," ಎನ್ನುತ್ತಿದ್ದ.

ಭಾನುವಾರಗಳಲ್ಲಿ ಊರೇ ಅಲ್ಲಿ ನಿಲ್ಲುತ್ತಿತ್ತು. ಅಮ್ಮ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಸತ್ತವರಿಗಾಗಿ ಪ್ರಾರ್ಥಿಸುತ್ತಿದ್ದಾಳೆ ಎಂದೇ ಪುಟ್ಟ ಲೊವ್ರಿ ತಿಳಿದಿದ್ದಳು.

*

"ಅಪ್ಪ ಜೀವಮಾನವಿಡೀ ಸುಳ್ಳು ಹೇಳಿದ್ನಾ?"

"ನಿಮ್ಮಮ್ಮಂಗೆ ಉಬ್ಬಸ ಇತ್ತು. ದಾರೀಲಿ ಕೂತ್ರೆ ಜನ ಅಯ್ಯೋ ಪಾಪ ಅಂತಾರೆ ಅಂತ ಚಾಪೆಲ್ಲಿಗೆ ಹೋಗೋದನ್ನೇ ಬಿಟ್ಟಿದ್ಲು. ಎಲ್ಲರೂ ನಿಂತ್ರೆ ಅವಳೂ ಕೂರಬಹುದಲ್ಲ ಅಂತ ಹುಟ್ಟಿಸಿದ ಕತೆ. ಆದ್ರೂ ಸತ್ತವನನ್ನ ಸುಳ್ಳಿನ ಮೇಲೆ ಮಲಗಿಸೋದಾ? ನಂಗೆ ಭಯ ಆಗುತ್ತೆ ಕಣೇ."

ಮುಂದಿನಿಂದ ಪಕ್ಕದ ಮನೆಯ ಮುದುಕ ಎಮ್ರಿಸ್ ಕೂಗಿದ: "ಲೊವ್ರಿ, ಹೆಗಲು ಬಿದ್ದುಹೋಗ್ತಿದೆ ತಾಯಿ. ಬದುಕಿದ್ದಾಗ ನಡೆಸಿ ಸುಸ್ತು ಮಾಡಿದ, ಈಗ ಹೊರಿಸಿ ಮಾಡ್ತಿದಾನೆ. ಇಳಿಸೋದೋ, ಬೇಡ್ವೋ?"

ಲೊವ್ರಿ ಕಲ್ಲಿನ ಹತ್ತಿರ ಬಗ್ಗಿ ನೋಡಿದಳು. ಕಲ್ಲಿನ ಒಂದು ಅಂಚು ನುಣ್ಣಗೆ ಸವೆದಿತ್ತು, ಅಮ್ಮ ಕೂರುತ್ತಿದ್ದ ಕಡೆ.

"ಇಳಿಸಿ," ಎಂದಳು.

ಕಲ್ಲಿನ ಮೇಲೆ ಪೆಟ್ಟಿಗೆ ಕಿರ್ರೆಂದು ಕೂತಿತು. ಗಂಡಸರು ಟೋಪಿ ತೆಗೆದರು. ಯಾರೂ ಹೇಳದೆ ಹೆಂಗಸರು ಹುಲ್ಲಿನ ಮೇಲೆ ಕೂತರು; ಕೊನೆಗೆ ಮಾರ್ಗೆಡ್ ಅತ್ತೆಯೂ ಕೂತಳು.

ಮತ್ತೆ ಎತ್ತುವಾಗ ಪಾಚಿ ಕಿತ್ತು ಬಂತು. ಅದರಡಿ ಕಲ್ಲಿನ ಮೇಲೆ ಬೆಳ್ಳಗೆ, ಗೇಣುದ್ದದ ಹೊಸ ಗೀರು ಬಿದ್ದಿತ್ತು.