ಆಶ್ರಿತರ ಸಾಲಿನಲ್ಲಿ ಅತ್ತೆಯ ಹೆಸರು

ಮೊಂಟಾನದ ಅರಣ್ಯ ಇಲಾಖೆಯಲ್ಲಿದ್ದ ಲೋರ್ನಾಗೆ ದೂರದ ನ್ಯೂ ಮೆಕ್ಸಿಕೊಗೆ ವರ್ಗವಾಯಿತು. ಹಾಗೆ ಊರು ಬಿಡುವ ನೌಕರರಿಗೆ ಹಳೆಯ ಮನೆ ಮಾರುವ, ಹೊಸದು ಕೊಳ್ಳುವ ಖರ್ಚನ್ನು ಸರ್ಕಾರವೇ ತುಂಬಿಕೊಡುತ್ತದೆ. ಆದರೆ ಮನೆ ನೌಕರರ ಮತ್ತು ಅವರ ಕುಟುಂಬದವರ ಹೆಸರಿನಲ್ಲಿರಬೇಕು. ಲೋರ್ನಾಳ ಮನೆಯಲ್ಲಿ ಅರ್ಧ ಪಾಲು ಅತ್ತೆ ಆಸ್ಟ್ರಿಡ್‌ಳದು. ಮಗ ಎರಿಕ್ ತೀರಿಕೊಂಡ ಮೇಲೂ ಆಕೆ ಸೊಸೆಯ ಜೊತೆಗೇ ಉಳಿದಿದ್ದಳು.

ಅತ್ತೆ ನಿಮ್ಮ ಆಶ್ರಯದಲ್ಲಿದ್ದರೆ ಮಾತ್ರ ಕುಟುಂಬ, ಇಲ್ಲದಿದ್ದರೆ ಅರ್ಧ ಖರ್ಚಷ್ಟೇ ಸಿಗುತ್ತದೆ ಎಂದರು ಕಚೇರಿಯವರು. ಆಸ್ಟ್ರಿಡ್ ಯಾರ ಆಶ್ರಯದಲ್ಲೂ ಇರಲಿಲ್ಲ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾಗಿದ್ದಳು, ಪಿಂಚಣಿ ಬರುತ್ತಿತ್ತು, ಎಪ್ಪತ್ತು ದಾಟಿದರೂ ಅಂಗಳದ ಹಿಮವನ್ನು ತಾನೇ ತೆಗೆಯುತ್ತಿದ್ದಳು. ಹೇಗಿದ್ದರೂ ಇಬ್ಬರೂ ಒಟ್ಟಿಗೇ ಹೋಗುವವರಲ್ಲವೇ ಎಂದುಕೊಂಡು ಲೋರ್ನಾ ಅವಳನ್ನು ಕೇಳದೆಯೇ ಆಶ್ರಿತೆ ಎಂದು ಬರೆದುಕೊಟ್ಟಳು.

ಒಂದು ಸಂಜೆ ಮನೆಗೆ ಬಂದಾಗ ಅತ್ತೆ ಆಲೂಗಡ್ಡೆ ಹೆರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಮ ಆಫೀಸಿಂದ ಫೋನ್ ಬಂದಿತ್ತು. ನನ್ನ ಊಟ, ಬಟ್ಟೆ ಎಲ್ಲಾ ನೀನೇ ನೋಡ್ಕೊಳ್ತೀಯಂತೆ?"

"ಅದು ಬರೀ ಕಾಗದಕ್ಕೆ ಅತ್ತೆ. ಹಾಗೆ ಬರೀದಿದ್ರೆ ಅರ್ಧ ದುಡ್ಡು ಹೋಗುತ್ತೆ."

"ನನ್ನನ್ನ ಕೇಳಿದ್ರೆ ಆ ಅರ್ಧ ನಾನೇ ಕೊಡ್ತಿದ್ದೆ. ಎರಿಕ್ ಹಾಸಿಗೆ ಹಿಡಿದಾಗ ಈ ಮನೆ ಕಂತು ಕಟ್ಟಿದ್ದು ಯಾರು ಅಂತ ಫೋನ್ ಮಾಡಿದ ಆ ಹುಡುಗಿಗೆ ಹೇಳಿದೆ. ನಿಂಗೂ ಮರೆತುಹೋಗಿತ್ತೇನೋ."

ಮರುದಿನ ಲೋರ್ನಾ ಕಚೇರಿಗೆ ಹೋಗಿ ಬರೆದದ್ದನ್ನು ಹಿಂತೆಗೆದುಕೊಂಡಳು. ಮೇಲಧಿಕಾರಿಯಿಂದ ಎಚ್ಚರಿಕೆ ಸಿಕ್ಕಿತು, ಅರ್ಧ ಖರ್ಚು ಮಂಜೂರಾಯಿತು.

ಮಾರಾಟದ ದಿನ ಆಸ್ಟ್ರಿಡ್ ಚರ್ಚಿಗೆ ಹಾಕುವ ಕೋಟು ತೊಟ್ಟು ಬಂದಳು. ಸಹಿ ಹಾಕಿ, ದಲ್ಲಾಳಿಯ ಕಮಿಷನ್ನಿನಲ್ಲಿ ಸರ್ಕಾರ ಕೊಡದ ಉಳಿದರ್ಧವನ್ನು ತನ್ನ ಪಾಲಿನಲ್ಲೇ ಮುರಿದುಕೊಳ್ಳಲು ಹೇಳಿದಳು. ಹೊರಗೆ ಕಾರಿನ ಹತ್ತಿರ ನಿಂತು, ತಾನು ತಂಗಿಯ ಊರಿಗೆ ಹೋಗುತ್ತೇನೆ ಎಂದಳು.

"ಇನ್ನೂ ಸಿಟ್ಟೇನಾ ಅತ್ತೆ?"

"ಸಿಟ್ಟಲ್ಲ ಕಣೇ. ಈಗ ನಿನ್ನ ಹಿಂದೆ ಬಂದ್ರೆ, ನೀನು ಬರೆದದ್ದೇ ನಿಜ ಆಗ್ಬಿಡುತ್ತೆ."

ಲೋರ್ನಾ ಒಬ್ಬಳೇ ದಕ್ಷಿಣಕ್ಕೆ ಹೊರಟಳು. ಅಲ್ಲಿ ಕೊಂಡ ಪುಟ್ಟ ಮನೆಯ ಖರ್ಚು ಯಾವ ತಕರಾರೂ ಇಲ್ಲದೆ ಪೂರ್ತಿ ಬಂತು. ಮನೆ ಅವಳೊಬ್ಬಳ ಹೆಸರಿನಲ್ಲೇ ಇತ್ತು. ಭಾನುವಾರ ಅವಳು ಫೋನ್ ಮಾಡುತ್ತಾಳೆ. ಆಸ್ಟ್ರಿಡ್ ಎತ್ತುತ್ತಾಳೆ, ಅಲ್ಲಿನ ಬಿಸಿಲು ಹೇಗಿದೆ ಎಂದು ವಿಚಾರಿಸುತ್ತಾಳೆ. ಯಾವಾಗ ಬರುತ್ತೀರಿ ಎಂದು ಕೇಳಲು ಲೋರ್ನಾಗೆ ಇನ್ನೂ ಬಾಯಿ ಬಂದಿಲ್ಲ.