ನರಿ ಕಥೆಯ ಒಡತಿ

ಮೂಲನಿವಾಸಿ ಬರಹಗಾರರಿಗೆಂದು ಪ್ರಕಾಶನ ಸಂಸ್ಥೆಯೊಂದು ಫೆಲೋಶಿಪ್ ಕರೆದಾಗ ಅಕ್ಕ, ತಂಗಿ ಇಬ್ಬರೂ ಅರ್ಜಿ ಹಾಕಿದ್ದರು. ತಂಗಿಗೆ ಫೆಲೋಶಿಪ್ ಸಿಕ್ಕಿತು, ಅಕ್ಕನಿಗೆ ಹೊಟ್ಟೆಕಿಚ್ಚು ಸಿಕ್ಕಿತು. ಎರಡನೆಯದಕ್ಕೆ ಅವಧಿಯ ಮಿತಿ ಇರಲಿಲ್ಲ.

ಅಕ್ಕ ಬಟ್ಟೆ ಆಲ್ಟ್ರೇಷನ್ ಅಂಗಡಿಯಲ್ಲಿದ್ದಳು. ತಂಗಿಯ ಫೋಟೊ ಪೇಪರಿನಲ್ಲಿ ಬಂದ ದಿನ ಗಿರಾಕಿಯೊಬ್ಬನ ಪ್ಯಾಂಟು ಮೊಣಕಾಲಿಗೇ ಮುಗಿದುಹೋಯಿತು.

ಆದರೆ ತಂಗಿ ಬರೆದದ್ದು ಅಜ್ಜಿಯ ನರಿ ಕಥೆ. ಅವರ ಜನರಲ್ಲಿ ಕಥೆಗೂ ಒಡತಿ ಇರುತ್ತಾಳೆ. ಅಜ್ಜಿ ಇದನ್ನು ಕೊಟ್ಟುಹೋದದ್ದು ಅಕ್ಕನಿಗೆ. ಬೇರೆ ಯಾರು ಹೇಳಿದರೂ ಒಡತಿ ಎದುರು ಕೂತು ಕೇಳಬೇಕು, ಹಾದಿ ತಪ್ಪಿದಲ್ಲಿ ನಿಲ್ಲಿಸಬೇಕು. ಅವಳು ತಲೆಯಾಡಿಸದೆ ಕಥೆ ಮನೆ ದಾಟುವಂತಿಲ್ಲ. ಅಕ್ಕ ಒಪ್ಪಿದರೆ ಮಾತ್ರ ಅಚ್ಚು ಎಂದು ಸಂಸ್ಥೆಯ ಮೇಡಂ ಕೂಡ ಹೇಳಿದ್ದರು.

ತಂಗಿ ಹಾಳೆಗಳನ್ನು ಹಿಡಿದು ಅಂಗಡಿಗೆ ಬಂದಳು.

"ಓದಮ್ಮ, ಸಾಹಿತಿ," ಎಂದಳು ಅಕ್ಕ, ಹೊಲಿಗೆ ಬಿಚ್ಚುತ್ತಾ.

"ಮಂಜು ಮುಸುಕಿದ ಮುಂಜಾವಿನ ಮೌನದ ಮಡಿಲಲ್ಲಿ..."

"ನಿಲ್ಲು. ನರಿ ಎಲ್ಲಿ?"

"ಬರುತ್ತೆ ಕಣೇ. ಇದು ವಾತಾವರಣ."

"ಅಜ್ಜಿ ಬಾಯಿ ತೆಗೆದ್ರೆ ನರೀನೇ ಬರ್ತಿತ್ತು. ನಿನ್ನ ವಾತಾವರಣ ದಾಟೋ ಹೊತ್ತಿಗೆ ಅದಕ್ಕೆ ಹಲ್ಲು ಉದುರಿರುತ್ತೆ. ತೆಗಿ."

"ಹೊಟ್ಟೆಕಿಚ್ಚು ನಿಂಗೆ."

"ಹೌದು. ಮುಂದೆ ಓದು."

ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದಲೇ ಅಕ್ಕ ಗೀಟು ಎಳೆದಳು. ಪುಟಪುಟಕ್ಕೂ ಉಪಮೆಗಳು ಉರುಳಿದವು. ಒಂದೆರಡು ಕಡೆ ಮಾತ್ರ, ಛೆ, ಇದನ್ನು ನಾನು ಬರೆಯಬೇಕಿತ್ತು ಅನ್ನಿಸಿ, ಎರಡೆರಡು ಸಲ ಓದಿಸಿದಳು. ಆ ವಾಕ್ಯಗಳ ಮೇಲೆ ಚೂರಿ ಹಿಡಿದವಳಂತೆ ಚಾಕ್‌ಪೀಸು ಹಿಡಿದು ಕೂತಳು, ಗೀಟು ಎಳೆಯಲಾಗಲಿಲ್ಲ. ಓದು ಮುಗಿದಾಗ 'ಬೇಡ' ಎಂಬುದು ನಾಲಿಗೆಯ ತುದಿಯಲ್ಲಿತ್ತು. ಆದರೆ ಅಜ್ಜಿ ಹೋದಮೇಲೆ ಆ ನರಿ ಹೀಗೆ ಓಡಿರಲಿಲ್ಲ. ಹಾಳಾದ ತಲೆ ತಾನಾಗಿಯೇ ಆಡಿತು.

ವಾರದ ನಂತರ ತಂಗಿ ಮುಖ ಊದಿಸಿಕೊಂಡು ಬಂದಳು.

"ಏನಂತೆ?"

"ಅಚ್ಚಿಗೆ ಹೋಗುತ್ತಂತೆ."

"ಮತ್ತೆ ಯಾಕೆ ಈ ಮೋರೆ?"

"ಕಥೆ ಚೆನ್ನಾಗಿದೆ ಅಂದ್ರು, ಅಷ್ಟೇ. ಆಮೇಲೆ ಇಡೀ ಮಧ್ಯಾಹ್ನ ನಿನ್ನ ಗೀಟುಗಳದ್ದೇ ಗುಣಗಾನ. ನಮ್ಮೋರಿಗೆ ಸಂಪಾದಕರ ಇಂಟರ್ನ್‌ಶಿಪ್ ಬೇರೆ ಇದೆಯಂತೆ. ನಿಮ್ಮಕ್ಕ ಬರ್ತಾರಾ ಕೇಳಿ ಅಂದ್ರು."

ಅಕ್ಕ ಸೂಜಿ ಕೆಳಗಿಟ್ಟಳು. "ನೀನೇನಂದೆ?"

"ಅವಳಿಗೆ ಅಂಗಡಿ ಬಿಟ್ಟು ಬರೋಕಾಗಲ್ಲ ಅಂದೆ."

ಅಕ್ಕ ಕೈ ಒರೆಸಿಕೊಂಡು ಫೋನ್ ತೆಗೆದಳು.

"ಮೇಡಂ ನಂಬರ್ ಹೇಳು."

ತಂಗಿ ಒಂದೊಂದೇ ಅಂಕಿ ಹೇಳತೊಡಗಿದಳು. ಕೊನೆಯದಕ್ಕೆ ಬಂದು, ನೆನಪು ಮಾಡಿಕೊಳ್ಳುವವಳಂತೆ ಸೂರು ನೋಡುತ್ತಾ ನಿಂತಳು.