ಆಣೆ ಹಾಕಿಸುವ ನಕ್ಷತ್ರ

ಹವಾಮಾನ ಕಚೇರಿಯವರು ‘ಆಕಾಶ ನಿರ್ಮಲ’ ಎಂದು ಬರೆದ ದಿನವೇ ಮರುಭೂಮಿಯಂಚಿನ ನಮ್ಮ ಜಹರಾ ಊರಿನಲ್ಲಿ ಎದುರುಮನೆಯ ನೀರಿನ ಟ್ಯಾಂಕು ಕಾಣಿಸುವುದಿಲ್ಲ. ಹನ್ನೊಂದು ವರ್ಷದಿಂದ ದೂರದರ್ಶಕ ಇಟ್ಟುಕೊಂಡಿರುವ ನನಗೆ ಇದು ಅನುಭವದ ಮಾತು. ಮಳೆಮೋಡಕ್ಕಾದರೆ ಒಂದು ಮರ್ಯಾದೆಯಿದೆ. ಬರುತ್ತದೆ, ಸುರಿಯುತ್ತದೆ, ಹೋಗುತ್ತದೆ. ನಮ್ಮ ಬೇಸಿಗೆಯ ಧೂಳು ಹಾಗಲ್ಲ. ಉತ್ತರದ ಗಾಳಿಯ ಜೊತೆ ಬಂದು ಕೂತಿತೆಂದರೆ ಏಳುವ ಮಾತೇ ಇಲ್ಲ. ಗಾಳಿ ತಿರುಗಿ ಆಗ್ನೇಯದಿಂದ ಬೀಸಿತೋ, ಧೂಳಿನ ಜಾಗಕ್ಕೆ ಸಮುದ್ರದ ತೇವ ಬರುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಮೂವತ್ನಾಲ್ಕು ಡಿಗ್ರಿ ಸೆಕೆಯಲ್ಲಿ, ದೂರದರ್ಶಕದ ಕೊಳವೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತ ನಿಂತವನಿಗೇ ಗೊತ್ತು ಅದರ ಸುಖ.

ಆದರೂ ಪ್ರತಿವರ್ಷ ಆಗಸ್ಟ್ ಕೊನೆಗೆ ಸುಹೈಲ್‌ಗಾಗಿ ನಿಲ್ಲುತ್ತೇನೆ. ದಕ್ಷಿಣದ ಈ ದೊಡ್ಡ ನಕ್ಷತ್ರ ಬೇಸಿಗೆಯಿಡೀ ಸೂರ್ಯನ ಬೆಳಕಿನಲ್ಲಿ ಮುಳುಗಿದ್ದು, ಒಂದು ದಿನ ಬೆಳಗಿನ ಜಾವ ಮತ್ತೆ ಕಾಣಿಸಿಕೊಳ್ಳುತ್ತದೆ. ಕಂಡರೆ ಬೇಸಿಗೆಯ ಸೊಂಟ ಮುರಿಯಿತೆಂದು ಲೆಕ್ಕ. ಕತಾರಿನವರಿಗೆ ಆಗಸ್ಟ್ ಇಪ್ಪತ್ನಾಲ್ಕಕ್ಕೇ ಕಾಣುತ್ತದೆ. ಉತ್ತರಕ್ಕಿರುವ ನಮಗೆ ಸೆಪ್ಟೆಂಬರ್ ಐದರವರೆಗೆ ಕಾಯದೆ ಗತಿಯಿಲ್ಲ. ಬಂದ ಮೇಲಾದರೂ ಮೇಲೇರುತ್ತದೆಯೇ? ಕೈ ಚಾಚಿ ಮುಷ್ಟಿ ಹಿಡಿದರೆ ಅದರಷ್ಟೂ ಏರುವುದಿಲ್ಲ. ಧೂಳೆಲ್ಲ ಎಲ್ಲಿ ಕೂತಿರುತ್ತದೋ ಅಲ್ಲೇ ಇದೂ ತೆವಳುತ್ತದೆ.

ಇದು ಸಾಲದೆಂಬಂತೆ ಸುಹೈಲ್‌ಗಿಂತ ಮೊದಲು ಅದೇ ದಿಕ್ಕಿನಲ್ಲಿ ಇನ್ನೊಂದು ನಕ್ಷತ್ರ ಹುಟ್ಟುತ್ತದೆ. ಹಿರಿಯರು ಅದಕ್ಕೆ ಮುಹ್ಲಿಫ್, ಅಂದರೆ ಆಣೆ ಹಾಕಿಸುವವನು, ಎಂದು ಹೆಸರಿಟ್ಟಿದ್ದಾರೆ. ಒಬ್ಬ ‘ಇದೇ ಸುಹೈಲ್’ ಎಂದು ಆಣೆ ಹಾಕುತ್ತಾನೆ, ಇನ್ನೊಬ್ಬ ‘ಅಲ್ಲ’ ಎಂದು ಹಾಕುತ್ತಾನೆ, ಇಬ್ಬರಲ್ಲೊಬ್ಬನ ಆಣೆ ಮಣ್ಣುಪಾಲು. ಧೂಳಿನ ದಿನ ಈ ಮೋಸ ಇನ್ನೂ ಸುಲಭ. ಕೆಳಗಿನ ಆಕಾಶವನ್ನೆಲ್ಲ ಧೂಳು ನುಂಗಿರುತ್ತದೆ; ಅದರ ಮೇಲೆ ಯಾವುದು ಮಿನುಗುತ್ತದೋ ಅದೇ ದಿಗಂತದಲ್ಲಿದೆ ಎಂದು ಕಣ್ಣು ನಂಬಿಬಿಡುತ್ತದೆ.

ನನ್ನ ದೊಡ್ಡಪ್ಪ ಬರ್ರಾಕ್‌ಗೆ ಎಪ್ಪತ್ತು ವರ್ಷ. ಒಂಟೆ ಸಾಕಿದವನು, ಗಿಡುಗ ಪಳಗಿಸಿದವನು, ಕಣ್ಣು ಈಗಲೂ ಚುರುಕು, ಬಾಯಿ ಅದಕ್ಕಿಂತ ಚುರುಕು. ಆಗಸ್ಟ್ ಇಪ್ಪತ್ತೆಂಟರ ಸಂಜೆ ಅವನ ದಿವಾನಿಯಾದಲ್ಲಿ, ಅಂದರೆ ಗಂಡಸರು ಕೂಡುವ ಹೊರಗಿನ ಹಜಾರದಲ್ಲಿ, ಹದಿನೈದು ಜನ ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದೆವು. ಕತಾರಿನ ನೆಂಟನೊಬ್ಬ ಕಳಿಸಿದ್ದ ಸುಹೈಲ್‌ನ ಫೋಟೋ ಕೈಯಿಂದ ಕೈಗೆ ಹೋಗುತ್ತಿತ್ತು.

“ಇದೇನ್ ಮಹಾ! ಇವತ್ತು ಬೆಳಿಗ್ಗೆ ನಾನೇ ನೋಡ್ದೆ, ನಮ್ಮನೆ ಮಾಳಿಗೆ ಮೇಲಿಂದ,” ಎಂದ ದೊಡ್ಡಪ್ಪ.

ನಾನು ಸುಮ್ಮನಿರಬೇಕಿತ್ತು. “ದೊಡ್ಡಪ್ಪ, ಐದನೇ ತಾರೀಖಿಗೆ ಮುಂಚೆ ನಮ್ಮೂರಲ್ಲಿ ಅದು ಕಾಣಕ್ಕೆ ಸಾಧ್ಯನೇ ಇಲ್ಲ. ಲೆಕ್ಕ ಇದೆ,” ಎಂದೆ.

“ಲೆಕ್ಕ ನಿನ್ನ ಆ ಕೊಳವೆಗೆ ಹೇಳು. ನೀನು ತೊಟ್ಟಿಲಲ್ಲಿದ್ದಾಗಿಂದ ನೋಡ್ತಿದೀನಿ ಕಣೋ ನಾನು.”

“ಅವತ್ತಿನ ಕಣ್ಣು ಬೇರೆ, ಇವತ್ತಿನ ಕಣ್ಣು ಬೇರೆ.”

ಯಾರೋ ಕಿಸಕ್ಕನೆ ನಕ್ಕರು. ದೊಡ್ಡಪ್ಪನ ಮುಖ ಕೆಂಪಾಯಿತು. “ನಾನು ಕಂಡಿದ್ದು ಸುಹೈಲ್ ಅಲ್ದಿದ್ರೆ ಲುಲ್ವಾಗೆ ತಲಾಖ್!” ಎಂದು ಹೆಂಡತಿಯ ಮೇಲೇ ಆಣೆ ಹಾಕಿಬಿಟ್ಟ.

ನಮ್ಮ ಹಿರಿಯ ಗಂಡಸರಿಗೆ ಇದೊಂದು ಕೆಟ್ಟ ಚಾಳಿ. ನೆಂಟ ಊಟ ಮಾಡದೆ ಹೊರಟರೂ ಹೆಂಡತಿಗೆ ತಲಾಖ್, ಕಾಫಿ ಬೇಡವೆಂದರೂ ತಲಾಖ್. ಪಾಪ, ಒಳಗೆ ಅಡುಗೆಮನೆಯಲ್ಲಿರುವ ಹೆಂಗಸಿಗೆ ತನ್ನ ಸಂಸಾರ ಕುರಿಯ ತೊಡೆಯೊಂದರ ಮೇಲೆ ನಿಂತಿದೆ ಎಂಬುದೇ ಗೊತ್ತಿರುವುದಿಲ್ಲ. ಆದರೆ ಈ ಸಲ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಮಧ್ಯಾಹ್ನ ದೊಡ್ಡಮ್ಮ ಲುಲ್ವಾ ಒಂದು ಚೀಲ ಹಿಡಿದು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು.

“ಕಿಡಿ ಹಚ್ಚಿದವನು ನೀನು. ನಿನ್ನ ಮನೇಲೇ ಇರ್ತೀನಿ. ಆಕಾಶ ತೆರೆದ ದಿನ ನಮ್ಮಿಬ್ಬರನ್ನೂ ಮರುಭೂಮಿಗೆ ಕರ್ಕೊಂಡು ಹೋಗು. ತಾವು ಕಂಡ ನಕ್ಷತ್ರ ಯಾವುದು ಅಂತ ನಿನ್ನ ದೊಡ್ಡಪ್ಪ ನನಗೆ ಬೆರಳು ಮಾಡಿ ತೋರಿಸ್ಲಿ. ಆಮೇಲೆ ನೋಡೋಣ, ನಾನು ಆ ಮನೆಗೆ ಹೋಗ್ತೀನೋ ಇಲ್ವೋ.”

ನಾನು ಮಸೀದಿಯ ಇಮಾಮರ ಹತ್ತಿರ ಓಡಿದೆ. ಅವರು ದೊಡ್ಡಪ್ಪನನ್ನೂ ಕರೆಸಿ, ತಲಾಖ್ ಕೊಡುವ ಉದ್ದೇಶ ಇರಲಿಲ್ಲವೆಂದು ಖಚಿತ ಮಾಡಿಕೊಂಡರು. ಆಮೇಲೆ, “ನಿಜ ಅಂತ ನಂಬಿ ಆಣೆ ಹಾಕಿದ್ರೆ ಏನೂ ಇಲ್ಲ. ಸಂಶಯ ಇಟ್ಕೊಂಡು ಹಾಕಿದ್ರೆ ದೇವರ ಕ್ಷಮೆ ಕೇಳಿ, ಹತ್ತು ಜನ ಬಡವರಿಗೆ ಊಟ ಹಾಕಿ,” ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೇಗ ಹತ್ತು ಜನಕ್ಕೆ ಊಟ ಹಾಕಿ ಮುಗಿಸು ಎಂದು ದಾರಿಯುದ್ದಕ್ಕೂ ದೊಡ್ಡಪ್ಪನಿಗೆ ಅಂಗಲಾಚಿದೆ.

“ಊಟ ಹಾಕಿದ್ರೆ ಸಂಶಯ ಇತ್ತು ಅಂತ ಒಪ್ಕೊಂಡಂಗಲ್ವೇನೋ?” ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು.

ಹೀಗೆ ಶುರುವಾಯಿತು ನನ್ನ ಅವಸ್ಥೆ. ಮೂವತ್ತರ ಬೆಳಿಗ್ಗೆ ಧೂಳು. ಮೂವತ್ತೊಂದಕ್ಕೆ ಇನ್ನೂ ಧೂಳು, ಅದೂ ಕಿತ್ತಳೆ ಬಣ್ಣದ್ದು. ಸೆಪ್ಟೆಂಬರ್ ಎರಡಕ್ಕೆ ಗಾಳಿ ತಿರುಗಿತೆಂದು ಕುಣಿದುಕೊಂಡು ಮಾಳಿಗೆಗೆ ಹೋದರೆ ಮೆಟ್ಟಿಲೇ ಒದ್ದೆ. ಕನ್ನಡಕ ಹಾಕಿಕೊಂಡರೂ ಒಂದೇ, ತೆಗೆದರೂ ಒಂದೇ. ನಾಲ್ಕಕ್ಕೆ ಆಕಾಶವೇನೋ ಕಂಡಿತು, ಆದರೆ ನೆಲದ ಕಾವು ಇಳಿದಿರಲಿಲ್ಲ. ದೂರದರ್ಶಕದಲ್ಲಿ ನಕ್ಷತ್ರಗಳು ಉಕ್ಕುವ ಹಾಲಿನ ಹಾಗೆ ಕುದಿಯುತ್ತಿದ್ದವು. ಬೇಕಾದ ದಿಕ್ಕಿನಲ್ಲಿ ಮಾತ್ರ ಎಣ್ಣೆಬಾವಿಯ ಹೊಗೆ ಅಡ್ಡ ಮಲಗಿತ್ತು. ಐದನೇ ತಾರೀಖು ಸುಹೈಲ್ ಬಂದಿರಬೇಕು. ನಮಗೆ ಬೀದಿದೀಪವೂ ಕಾಣಲಿಲ್ಲ.

ಮನೆಯೊಳಗಿನ ಹವಾಮಾನ ಇದಕ್ಕಿಂತ ಕೆಟ್ಟಿತ್ತು. ದೊಡ್ಡಮ್ಮ ಅಡುಗೆಮನೆ ವಶಪಡಿಸಿಕೊಂಡು ಮೂರೇ ದಿನದಲ್ಲಿ ಡಬ್ಬಗಳ ಜಾಗವನ್ನೆಲ್ಲ ಬದಲಾಯಿಸಿದಳು. ನನ್ನ ಹೆಂಡತಿ ಬದ್ರಿಯಾ ಏಲಕ್ಕಿ ಹುಡುಕಿ ಹುಡುಕಿ ಕೊನೆಗೆ ನನ್ನ ಮೇಲೆ ಹರಿಹಾಯ್ದಳು. “ಹನ್ನೊಂದು ವರ್ಷದಿಂದ ಆಕಾಶ ನೋಡ್ತೀರಲ್ಲ, ಒಂದ್ ದಿನ ತೆರೆಸಕ್ಕೆ ಬರಲ್ವಾ?” ಅತ್ತ ದೊಡ್ಡಪ್ಪ ದಿನಕ್ಕೆ ನಾಲ್ಕು ಸಲ ಫೋನು ಮಾಡಿ, “ಧೂಳು ಹೋಯ್ತೇನೋ?” ಎನ್ನುತ್ತಿದ್ದ, ನಾನೇ ಅದನ್ನು ಮೂಟೆಯಲ್ಲಿ ತಂದು ಚೆಲ್ಲಿದವನ ಹಾಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಇಲ್ಲಿ ಕೂಸಿಗೆ ಮೂವತ್ತೊಂಬತ್ತು ವರ್ಷ, ಅಷ್ಟೇ ವ್ಯತ್ಯಾಸ.

ಏಳನೆಯ ತಾರೀಖು ಬೆಳಿಗ್ಗೆ ಬರಿಗೈಯಲ್ಲಿ ಮಾಳಿಗೆಯಿಂದ ಇಳಿದಾಗ ದೊಡ್ಡಮ್ಮ ಒಬ್ಬಳೇ ಕೂತು ಚಹಾ ಕುಡಿಯುತ್ತಿದ್ದಳು.

“ದೊಡ್ಡಮ್ಮ, ನಿಜ ಹೇಳ್ಬಿಡ್ತೀನಿ. ದೊಡ್ಡಪ್ಪ ಅವತ್ತು ಕಂಡಿದ್ದು ಸುಹೈಲ್ ಆಗಿರಕ್ಕೆ ಸಾಧ್ಯವೇ ಇಲ್ಲ. ಆಕಾಶ ತೆರೆದ್ರೂ ನಿಮಗೆ ಉಪಯೋಗ ಇಲ್ಲ.”

“ಅದು ಮುಹ್ಲಿಫ್ ಅಂತ ನಂಗೊತ್ತಿಲ್ವಾ?” ಎಂದಳು. “ಡೇರೆಯಲ್ಲಿ ಹುಟ್ಟಿದವಳು ಕಣೋ ನಾನು. ಅವತ್ತು ಬೆಳಿಗ್ಗೆ ಎಬ್ಬಿಸಿ ಮಾಳಿಗೆಗೆ ಕರ್ಕೊಂಡು ಹೋಗಿ ತೋರಿಸಿದ್ರು. ಅಲ್ಲ ಕಣ್ರೀ, ಇದು ಆಣೆಯವನು ಅಂದೆ. ಹೂಂ ಅಂದ್ರು. ಸಂಜೆಗೆ ಹೋಗಿ ಅದರ ಮೇಲೇ ನನ್ನನ್ನ ಪಣಕ್ಕಿಟ್ರು.”

ಲೋಟವನ್ನು ಠಪ್ಪನೆ ಕೆಳಗಿಟ್ಟಳು. “ನಲವತ್ತೆರಡು ವರ್ಷದ ಸಂಸಾರ. ತಪ್ಪಾಯ್ತು ಅಂತ ಒಂದ್ ಮಾತು ಬರುತ್ತಾ ನೋಡ್ಬೇಕು ನಂಗೆ. ನಕ್ಷತ್ರ ಯಾರಿಗೆ ಬೇಕು?”

ಅಲ್ಲಿಯವರೆಗೆ ಆಕಾಶ ತೆರೆಯಲಿ ಎಂದು ಬೇಡುತ್ತಿದ್ದವನಿಗೆ ಆಮೇಲೆ ಏನು ಬೇಡಬೇಕೆಂದೇ ತಿಳಿಯಲಿಲ್ಲ. ದೊಡ್ಡಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ. ಧೂಳೇ ಇರಲಿ, ಅಡುಗೆಮನೆ ಹೋದರೆ ಹೋಗಲಿ ಎನಿಸಿತು. ಆದರೆ ಹವೆ ಎಂದಾದರೂ ನಾನು ಹೇಳಿದ್ದು ಕೇಳಿದೆಯೇ? ಹತ್ತನೆಯ ತಾರೀಖು ಮೂರೂವರೆಗೆ ಎದ್ದು ನೋಡಿದರೆ ಒಣಗಾಳಿ, ತೊಳೆದ ತಟ್ಟೆಯಂಥ ಆಕಾಶ.

ಸಾಲ್ಮಿ ರಸ್ತೆಯಿಂದ ಒಳಗೆ ಮರಳಿಗೆ ಇಳಿದೆವು. ದೊಡ್ಡಮ್ಮ ನನ್ನ ಕಾರಿನಲ್ಲಿ, ದೊಡ್ಡಪ್ಪ ಹಿಂದೆ ತನ್ನ ಪಿಕಪ್‌ನಲ್ಲಿ. ದೂರದರ್ಶಕ ನಿಲ್ಲಿಸಿ, ಬೆಳಗಿನ ನಮಾಜು ಮುಗಿಸಿ ನಿಂತೆವು. ದಕ್ಷಿಣದಲ್ಲಿ ಮುಹ್ಲಿಫ್ ಆಗಲೇ ಮೇಲೆ ಬಂದಿತ್ತು. ಅದರ ಕೆಳಗೆ, ದಿಗಂತದಲ್ಲಿ ಮಾತ್ರ, ಎರಡು ಬೆರಳಿನಷ್ಟು ಧೂಳಿನ ಪಟ್ಟಿ ಉಳಿದಿತ್ತು. ಹಾಳಾದ್ದು ಅಲ್ಲೇ ಉಳಿಯಬೇಕೇ! ನಾಲ್ಕು ನಲವತ್ತರ ಸುಮಾರಿಗೆ ಆ ಪಟ್ಟಿಯ ಮೇಲಂಚಿನಲ್ಲಿ ಕೆಂಪು ಚುಕ್ಕೆಯೊಂದು ಮಿನುಗಿತು, ಹಸಿರಾಯಿತು, ಮತ್ತೆ ಕೆಂಪಾಯಿತು. ಸುಹೈಲ್. ಹದಿಮೂರು ದಿನ ಕಾದದ್ದು ಇದಕ್ಕೇ. ಆದರೆ ನಾನು ನೋಡುತ್ತಿದ್ದದ್ದು ದೊಡ್ಡಪ್ಪನ ಕೈಯನ್ನು.

“ಎರಡೂ ಇದಾವೆ,” ಎಂದಳು ದೊಡ್ಡಮ್ಮ. “ತೋರಿಸಿ. ಅವತ್ತು ಯಾವುದು?”

ಕೆಳಗಿನದನ್ನು ತೋರಿಸಿದ್ದರೆ ಆಣೆಯ ಗೊಡವೆ ಮುಗಿದುಹೋಗುತ್ತಿತ್ತು. ದಿವಾನಿಯಾದಲ್ಲಿ ಮೀಸೆ ಉಳಿಯುತ್ತಿತ್ತು, ನಾನೂ ಬಾಯಿ ಬಿಡುತ್ತಿರಲಿಲ್ಲ. ದೊಡ್ಡಪ್ಪನ ಕೈ ಎದ್ದಿತು, ಕೆಳಗಿನ ಕೆಂಪು ಚುಕ್ಕೆಯ ಎದುರು ಒಂದು ಗಳಿಗೆ ನಿಂತಿತು. ಆಮೇಲೆ ಮೇಲಕ್ಕೆ ಸರಿಯಿತು.

“ಅದು,” ಎಂದ. “ನೀನು ಹೇಳಿದ್ದೇ ಸರಿ. ಅವತ್ತೇ ಸಂಶಯ ಇತ್ತು ನಂಗೆ. ಅವರೆಲ್ಲ ನಗ್ತಿದ್ರು, ಬಾಯಿಗೆ ಬಂದಿದ್ದು ಅಂದುಬಿಟ್ಟೆ. ತಪ್ಪಾಯ್ತು, ಲುಲ್ವಾ.”

ದೊಡ್ಡಮ್ಮ ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡಳು.

“ಇದನ್ನ ದಿವಾನಿಯಾದಲ್ಲೂ ಹೇಳ್ತೀರಾ?”

“ಹೇಳ್ತೀನಿ.”

“ಹೇಳಿ. ಆಣೆ ಹಾಕ್ದೆ ಹೇಳಿ.” ಹೋಗಿ ಪಿಕಪ್‌ನ ಬಾಗಿಲು ತಾನೇ ತೆಗೆದು ಹತ್ತಿ ಕೂತಳು. “ನಡೀರಿ, ಹತ್ತು ಜನಕ್ಕೆ ಅನ್ನ ಬೇಯಿಸ್ಬೇಕು. ಈರುಳ್ಳಿ ಹೆಚ್ಚೋದು ನೀವು.”

ನನ್ನ ಕಣ್ಣೂ ತೇವವಾಗಿತ್ತು, ಸುಳ್ಳೇಕೆ ಹೇಳಲಿ. ಒರೆಸಿಕೊಂಡು ದೂರದರ್ಶಕದ ಕಡೆ ತಿರುಗಿದೆ. ಆಕಾಶ ಬೆಳ್ಳಗಾಗಲು ಇನ್ನೂ ಹತ್ತು ನಿಮಿಷವಿತ್ತು. ಅಷ್ಟರಲ್ಲಿ ದೊಡ್ಡಪ್ಪ ಮದುಮಗನ ಉತ್ಸಾಹದಲ್ಲಿ ಗಾಡಿಯನ್ನು ನನ್ನ ಪಕ್ಕದಲ್ಲೇ ಗರ್ರನೆ ತಿರುಗಿಸಿದ. ಎದ್ದ ಮರಳು ಕೊಳವೆಯೊಳಗಿನ ಕನ್ನಡಿಯ ಮೇಲೂ, ನನ್ನ ಬಾಯೊಳಗೂ ಬಿತ್ತು. ಕನ್ನಡಿ ಒರೆಸುವಂತಿಲ್ಲ, ಒರೆಸಿದರೆ ಗೀರು ಬೀಳುತ್ತದೆ. ಧೂಳು ಅಡಗಿ ತಲೆಯೆತ್ತಿದಾಗ ಪೂರ್ವ ಬೆಳ್ಳಗಾಗಿತ್ತು, ಸುಹೈಲ್ ಇರಲಿಲ್ಲ. ದೂರದಲ್ಲಿ ಪಿಕಪ್‌ನ ಎರಡು ಕೆಂಪು ದೀಪ ರಸ್ತೆ ಹತ್ತುತ್ತಿದ್ದವು. ಮರಳು ಉಗುಳುತ್ತ ಅವನ್ನೇ ನೋಡುತ್ತ ನಿಂತೆ.